ಚಿನ್ನ ಹೋಯ್ತು, ಸೈನೈಡ್ ಗುಡ್ಡ ಉಳೀತು

ನಮ್ಮ ಹಿಂದೂಪುರದ ಕಡೆ ಹರಿಯೋ ಪೆನ್ನಾ ನದಿ ಹುಟ್ಟೋದು ನಂದಿಬೆಟ್ಟದ ಸೀಮೆಯಲ್ಲಿ. ಆ ಸೀಮೆಯ ಆಚೆಗಿರುವ ಕೋಲಾರದ ಚಿನ್ನದ ಗಣಿಯ ಕಥೆ ನೀವು ತಿಳಿದಿರಬೇಕು. ಅದು ನಮ್ಮ ಜನರ ಚರಿತ್ರೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ತೋಡಿಸಿತು. ಆರ್ಕಾಟ್ ಸೀಮೆಯಿಂದ ಬಂದ ಸಾವಿರಾರು ದಲಿತರು ಕಾಲಕ್ರಮದಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲು ಒಡೆದರು. ಆ ಕಲ್ಲನ್ನು ಪುಡಿಮಾಡಿ, ಸೈನೈಡ್ ಹಾಕಿ ಚಿನ್ನ ತೆಗೆದು, ಉಳಿದ ಪುಡಿಯನ್ನು ಕಾರ್ಮಿಕರ ಲೈನ್‌ಮನೆಗಳ ಹತ್ತಿರವೇ ಗುಡ್ಡೆ ಹಾಕಿದರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗುಡ್ಡಗಳು ಹಾಗೇ ಉಳಿದವು. ಆ ಪುಡಿಯಲ್ಲಿ ಗಂಧಕ ಬೆರೆತ ಖನಿಜವೂ ಇದೆ. ಅದಕ್ಕೆ ಗಾಳಿ, ಮಳೆ ತಗುಲಿದರೆ ಆಮ್ಲ ಹುಟ್ಟಿ, ಲೋಹಗಳನ್ನು ಕರಗಿಸಿಕೊಂಡು ಹಳ್ಳಕ್ಕೂ ಅಂತರ್ಜಲಕ್ಕೂ ಇಳಿಯುತ್ತೆ. ಕಲ್ಲಿದ್ದಲು ಗಣಿಗಳಲ್ಲೂ ನೀರು ಕೆಡೋದು ಹೀಗೇ.

1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದು ನಮ್ಮ ಹಕ್ಕು ಸಾರಿದರು. ಕೆರೆಗೆ ಇಳಿಯೋ ಹಕ್ಕು ಸಿಕ್ಕಿ, ನೀರೇ ವಿಷವಾದರೆ ಏನು ಬಂತು? ನಮ್ಮೂರಿನ ಹತ್ತಿರ ಗಣಿಯೋ ಕಾರ್ಖಾನೆಯೋ ಬರುತ್ತೆ ಅಂದಾಗ ಕೂಲಿ ಎಷ್ಟು ಅಂತ ಕೇಳಿ. ಜೊತೆಗೆ, ಉಳಿಯೋ ಕಸ ಎಲ್ಲಿ ಹಾಕ್ತೀರಿ ಅಂತಲೂ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ.