ಸರದಿಯ ಸಭೆಯಿಂದ ಸೇವೆಯ ಕಡೆಗೆ

ಗುರುವಾರವೆಂದರೆ ಮಠಗಳಲ್ಲಿ ರಾಯರ ದಿನ. ನಗರದ ಯಾವ ಮೂಲೆಯಲ್ಲಿ ನೆಲೆಸಿದ್ದರೂ ಅಂದು ಸಂಜೆ ಸನ್ನಿಧಿಗೆ ಬಂದು, ಪ್ರದಕ್ಷಿಣೆ ಮಾಡಿ, ಮಂತ್ರಾಕ್ಷತೆ ಪಡೆದು, ನಾಲ್ಕು ಪರಿಚಿತ ಮುಖಗಳನ್ನು ಕಂಡು ಮರಳುವ ಕುಟುಂಬಗಳು ಅನೇಕ. ವಾರದ ಈ ಕಟ್ಟುಪಾಡು ಇಲ್ಲದಿದ್ದರೆ ಪರಸ್ಥಳದಲ್ಲಿರುವ ಎಷ್ಟೋ ಜನರಿಗೆ ತಮ್ಮವರೆಂಬುವರ ಗುರುತೇ ಉಳಿಯುತ್ತಿರಲಿಲ್ಲ. ನೂರು ವರ್ಷಗಳಿಗೂ ಹಿಂದೆ, ಅಮೆರಿಕದ ಷಿಕಾಗೊ ನಗರದಲ್ಲಿ, ಇಂಥದೇ ಪರಸ್ಥಳದ ಒಂಟಿತನದಿಂದ ಒಂದು ಸಭೆ ಹುಟ್ಟಿಕೊಂಡಿತು. 1905ನೆಯ ಇಸವಿ ಫೆಬ್ರವರಿ 23ರಂದು ಅದು ಮೊದಲು ಸೇರಿದ ದಿನವೂ ಕಾಕತಾಳೀಯವಾಗಿ ಗುರುವಾರವೇ. ಆ ಸಭೆಯೇ ಮುಂದೆ ರೋಟರಿ ಕ್ಲಬ್ ಎಂದು ಜಗತ್ತಿಗೆಲ್ಲ ಪರಿಚಿತವಾಯಿತು.

ಇದರ ಮೂಲಪುರುಷ ಪಾಲ್ ಹ್ಯಾರಿಸ್. 1868ರಲ್ಲಿ ಜನಿಸಿದ ಈತ ವರ್ಮಾಂಟ್ ಪ್ರಾಂತದ ವಾಲಿಂಗ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದವರು. 1896ರಲ್ಲಿ ವಕೀಲಿ ವೃತ್ತಿಗಾಗಿ ಷಿಕಾಗೊಗೆ ಬಂದರು. ವೃತ್ತಿಯೇನೋ ಕುದುರಿತು; ಆದರೆ ಭಾನುವಾರಗಳನ್ನು ಕಳೆಯುವುದೇ ಅವರಿಗೆ ಕಷ್ಟವಾಯಿತು. 1900ರ ಒಂದು ಸಂಜೆ ಮಿತ್ರರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದಾಗ, ಆ ಮಿತ್ರರು ಬಡಾವಣೆಯಲ್ಲಿ ಸುತ್ತಾಡುತ್ತ ಒಬ್ಬೊಬ್ಬ ಅಂಗಡಿಯವನನ್ನೂ ಹೆಸರು ಹಿಡಿದು ಮಾತನಾಡಿಸಿ ಪರಿಚಯಿಸಿದರು. ಊರಿನ ನೆನಪು ತಂದ ಆ ಆತ್ಮೀಯತೆಯನ್ನು ಮಹಾನಗರದ ನಡುವೆ ಕಟ್ಟಲಾದೀತೇ ಎಂಬ ಚಿಂತನೆ ಹ್ಯಾರಿಸರಲ್ಲಿ ಐದು ವರ್ಷ ಉಳಿಯಿತು.

ಮೊದಲ ಸಭೆಗೆ ಸೇರಿದವರು ನಾಲ್ವರೇ: ವಕೀಲ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಷೀಲ್, ಗಣಿ ಎಂಜಿನಿಯರ್ ಗಸ್ಟೇವಸ್ ಲೋಯರ್, ಬಟ್ಟೆ ಹೊಲಿಸುವ ವ್ಯಾಪಾರದ ಹೈರಮ್ ಷೋರಿ. ಸ್ಥಳ, ಯೂನಿಟಿ ಬಿಲ್ಡಿಂಗ್ ಎಂಬ ಕಟ್ಟಡದ 711ನೆಯ ಕೋಣೆಯಲ್ಲಿದ್ದ ಲೋಯರ್ ಅವರ ಕಚೇರಿ. ಎರಡನೆಯ ಸಭೆ ಎರಡು ವಾರಗಳ ನಂತರ, ಮಾರ್ಚ್ 9ರಂದು. ಮೂರನೆಯದು ಮಾರ್ಚ್ 23ರಂದು. ಅಂದರೆ ನಮ್ಮ ಏಕಾದಶಿಯ ಹಾಗೆ ಪಕ್ಷಕ್ಕೊಮ್ಮೆ. ಒಂದು ಸಲ ಒಬ್ಬರ ಕಚೇರಿ, ಮುಂದಿನ ಸಲ ಇನ್ನೊಬ್ಬರದು. ಸಭೆಯ ಸ್ಥಳ ಸರದಿಯಂತೆ ತಿರುಗುತ್ತಿದ್ದುದರಿಂದಲೇ ‘ರೋಟರಿ’ ಎಂಬ ಹೆಸರು ಬಂದಿತು. ಸ್ಥಳದ ಸರದಿ ಕ್ರಮೇಣ ನಿಂತುಹೋದರೂ ಅಧಿಕಾರದ ಸರದಿ ಸ್ಥಿರವಾಯಿತು. ಪ್ರತಿ ಜುಲೈ ಒಂದರಂದು ಹೊಸ ಅಧ್ಯಕ್ಷರು ಬರುತ್ತಾರೆ. ಪರ್ಯಾಯವನ್ನು ಕಂಡ ಸಮಾಜಕ್ಕೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಶ್ರೀಕೃಷ್ಣನ ಪೂಜೆಯ ಸರದಿಯನ್ನು ಎರಡು ತಿಂಗಳಿಂದ ಎರಡು ವರ್ಷಕ್ಕೆ ವಿಸ್ತರಿಸಿದ ಶ್ರೀ ವಾದಿರಾಜರ ವ್ಯವಸ್ಥೆ, ಷಿಕಾಗೊದ ಈ ನಾಲ್ವರು ಸೇರುವುದಕ್ಕೆ ಮುನ್ನೂರೈವತ್ತು ವರ್ಷಗಳಿಗೂ ಹಿಂದಿನದು. ಎರಡರ ಉದ್ದೇಶಗಳು ಬೇರೆ, ಹೋಲಿಕೆಯನ್ನು ಹೆಚ್ಚು ಎಳೆಯಲಾಗದು. ಆದರೂ ಹೊಣೆಯನ್ನು ಕಾಲಕ್ಕೆ ಸರಿಯಾಗಿ ಕೈಬದಲಿಸುವ ಸಂಸ್ಥೆಗಳು ಬಾಳುತ್ತವೆಂಬುದಕ್ಕೆ ಎರಡೂ ಸಾಕ್ಷಿಯೇ.

ಆರಂಭದ ರೋಟರಿಯನ್ನು ಸೇವಾಸಂಸ್ಥೆಯೆಂದು ಕರೆಯುವುದು ಸತ್ಯಕ್ಕೆ ದೂರ. ಸ್ನೇಹ ಮತ್ತು ಪರಸ್ಪರ ವ್ಯಾಪಾರ, ಇವೆರಡೇ ಅದರ ಧ್ಯೇಯಗಳಾಗಿದ್ದವು. ಒಂದು ವೃತ್ತಿಗೆ ಒಬ್ಬನೇ ಸದಸ್ಯನೆಂಬ ನಿಯಮವಿದ್ದುದರಿಂದ ಒಳಗೆ ಪೈಪೋಟಿ ಇರಲಿಲ್ಲ; ವಕೀಲನು ದರ್ಜಿಗೆ, ದರ್ಜಿಯು ಕಲ್ಲಿದ್ದಲಿನವನಿಗೆ ಗಿರಾಕಿ. ಯಾರಿಂದ ಯಾರಿಗೆ ಎಷ್ಟು ವ್ಯಾಪಾರವಾಯಿತೆಂದು ಬರೆದಿಡಲು ಒಬ್ಬ ಅಂಕಿ ಅಂಶದ ಅಧಿಕಾರಿಯೂ ಇದ್ದನು! ಮುದ್ರಣದ ಹ್ಯಾರಿ ರಗ್ಲ್ಸ್ ಒಮ್ಮೆ ಕುರ್ಚಿಯ ಮೇಲೇರಿ ಹಾಡಲಾರಂಭಿಸಿ ಎಲ್ಲರನ್ನೂ ಹಾಡಿಸಿದ್ದರಿಂದ ಸಭೆಗೆ ಸಾಮೂಹಿಕ ಗಾಯನವೂ ಸೇರಿತು. ಒಟ್ಟಿನಲ್ಲಿ ಅದೊಂದು ಸುಖಕರವಾದ ಮಿತ್ರಮಂಡಳಿ.

ಈ ಮಂಡಳಿಯ ದಿಕ್ಕನ್ನು ತಿರುಗಿಸಿದ್ದು ಒಂದು ನಿರಾಕರಣೆ. 1906ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರನ್ನು ಸದಸ್ಯರಾಗಲು ಆಹ್ವಾನಿಸಲಾಯಿತು. ಕ್ಲಬ್ಬಿನ ಧ್ಯೇಯಗಳನ್ನು ಓದಿದ ಅವರು, ತನ್ನ ಸದಸ್ಯರ ಹೊರತು ಬೇರಾರಿಗೂ ಉಪಯೋಗವಿಲ್ಲದ ಸಂಸ್ಥೆಗೆ ಭವಿಷ್ಯವಿಲ್ಲ, ಊರಿಗೂ ಏನಾದರೂ ಒಳಿತಾಗಬೇಕು ಎಂದು ಹಿಂಜರಿದರು. ಬೇರೆ ಕಡೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಆ ಮಾತನ್ನು ಅವಮಾನವೆಂದು ತಿಳಿಯದೆ, ಅವರನ್ನೇ ಸೇರಿಸಿಕೊಂಡು, ಷಿಕಾಗೊ ನಗರದ ಹಿತವೆಂಬ ಮೂರನೆಯ ಧ್ಯೇಯವನ್ನು ನಿಯಮಾವಳಿಗೆ ಸೇರಿಸಿದರು. ರೋಟರಿಯ ಇತಿಹಾಸದಲ್ಲಿ ಹ್ಯಾರಿಸರ ಹೆಸರಿನಷ್ಟೇ ಗೌರವದಿಂದ ಕಾರ್ಟರರ ಹೆಸರನ್ನೂ ಸ್ಮರಿಸಬೇಕು. ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ.

ಮರುವರ್ಷವೇ ಆ ಧ್ಯೇಯಕ್ಕೆ ಪರೀಕ್ಷೆ ಬಂದಿತು. 1907ರಲ್ಲಿ ಕ್ಲಬ್ಬು ಕೈಗೆತ್ತಿಕೊಂಡ ಮೊದಲ ದೊಡ್ಡ ಕಾರ್ಯ ಸಾರ್ವಜನಿಕ ಶೌಚಾಲಯ. ಗಣ್ಯರ ಸಭೆಗೆ ಇದೆಂಥ ವಿಷಯವೆಂದು ಮೂಗು ಮುರಿಯಬಹುದು. ಆದರೆ ದಿನವಿಡೀ ಸಾವಿರಾರು ಜನ ಓಡಾಡುವ ಪೇಟೆಯ ಮಧ್ಯದಲ್ಲಿ ಆ ಅನುಕೂಲವೇ ಇರಲಿಲ್ಲ. ವಿರೋಧಿಸಿದವರು ಮದ್ಯ ತಯಾರಕರು ಹಾಗೂ ದೊಡ್ಡ ಅಂಗಡಿಗಳ ಒಡೆಯರು. ಗಂಡಸರಿಗೆ ಮದ್ಯದಂಗಡಿಗಳಲ್ಲಿಯೂ ಹೆಂಗಸರಿಗೆ ತಮ್ಮ ಮಳಿಗೆಗಳಲ್ಲಿಯೂ ಆ ಸೌಕರ್ಯ ಇದ್ದೇ ಇದೆಯೆಂಬುದು ಅವರ ವಾದ. ಅದನ್ನು ಬಳಸಲು ಮೊದಲು ಏನನ್ನಾದರೂ ಕೊಳ್ಳಬೇಕಲ್ಲ ಎಂಬುದು ಇವರ ಉತ್ತರ. ಕೊನೆಗೆ ಪುರಸಭಾ ಭವನದ ಬಳಿ ಶೌಚಾಲಯ ನಿರ್ಮಾಣವಾಯಿತು.

ವಾರದ ಸಭೆಯ ರೂಪ ನೆಲೆಗೊಂಡದ್ದು ನಿಧಾನವಾಗಿ. 1908ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎರಡನೆಯ ಕ್ಲಬ್ಬು, 1909ರಲ್ಲಿ ಓಕ್‌ಲೆಂಡಿನಲ್ಲಿ ಮೂರನೆಯದು ಸ್ಥಾಪನೆಯಾದವು. ಮಧ್ಯಾಹ್ನದ ಊಟದ ಸಭೆಯನ್ನು ನಿಯತವಾಗಿ ನಡೆಸಲಾರಂಭಿಸಿದ್ದು ಓಕ್‌ಲೆಂಡಿನವರು. ಕಾಲಕ್ರಮದಲ್ಲಿ ಸಭೆಗೆ ಒಂದು ವಿಧಿ ಏರ್ಪಟ್ಟಿತು. ಅಧ್ಯಕ್ಷರು ಗಂಟೆ ಬಾರಿಸಿ ಆರಂಭಿಸುವುದು, ಅತಿಥಿಗಳ ಪರಿಚಯ, ಹುಟ್ಟುಹಬ್ಬದ ಶುಭಾಶಯ, ಕಾರ್ಯದರ್ಶಿಯ ಪ್ರಕಟಣೆಗಳು, ಶಿಸ್ತುಪಾಲಕನು ವಿನೋದವಾಗಿ ವಸೂಲು ಮಾಡುವ ದಂಡ, ಮಿತವಾದ ಅವಧಿಯ ಒಂದು ಉಪನ್ಯಾಸ, ಹೇಳಿದ ಗಂಟೆಗೆ ಮುಕ್ತಾಯ. ಭಾರತದ ಕ್ಲಬ್ಬುಗಳಲ್ಲಿ ಇದಕ್ಕೆ ರಾಷ್ಟ್ರಗೀತೆಯೂ ಸೇರಿತು. ಸತತ ನಾಲ್ಕು ಸಭೆಗಳಿಗೆ ಕಾರಣವಿಲ್ಲದೆ ಗೈರುಹಾಜರಾದವನು ಸದಸ್ಯತ್ವಕ್ಕೇ ಎರವಾಗಬೇಕಿತ್ತು. ಪ್ರಯಾಣದಲ್ಲಿದ್ದರೆ ಹೋದ ಊರಿನ ಕ್ಲಬ್ಬಿನಲ್ಲಿ ಹಾಜರಿ ಹಾಕಿಸಿ ಲೋಪವನ್ನು ತುಂಬಿಕೊಳ್ಳಬಹುದಿತ್ತು. ಈ ಏರ್ಪಾಡಿನಿಂದ ಯಾವ ಊರಿಗೆ ಹೋದರೂ ಪರಿಚಿತರ ಮನೆಯೊಂದು ಇದ್ದಂತಾಯಿತು. ಊಟಕ್ಕಾಗಿಯೇ ಸೇರುವವರೆಂದು ಹಾಸ್ಯ ಮಾಡುವವರೂ ಇದ್ದಾರೆ. ಆ ಹಾಸ್ಯದಲ್ಲಿ ಸ್ವಲ್ಪ ಹುರುಳಿದೆ ಎಂಬುದನ್ನು ಅಲ್ಲಗಳೆಯಲಾಗದು. ಹಾಗೆಯೇ ಷಿಕಾಗೊದವರು ಒಬ್ಬರನ್ನೊಬ್ಬರು ಮೊದಲ ಹೆಸರಿನಿಂದಲೇ ಕರೆಯಬೇಕೆಂದು ವಿಧಿಸಿಕೊಂಡರೆ, ಹಿರಿಯರನ್ನು ‘ರಾಯರೇ’ ಎಂದು ಕರೆಯುವ ನಮ್ಮ ನಾಡಿನಲ್ಲಿ ಅದು ಒಗ್ಗದೆ, ಹೆಸರಿನ ಹಿಂದೆ ‘ರೊಟೇರಿಯನ್’ ಎಂಬ ಬಿರುದೇ ಬಂದು ಕುಳಿತಿತು.

ಭಾರತದ ಮೊದಲ ಕ್ಲಬ್ಬು 1919ರಲ್ಲಿ ಕಲ್ಕತ್ತೆಯಲ್ಲಿ ಸೇರಿತು. 1929ರಲ್ಲಿ ಮುಂಬಯಿ ಮತ್ತು ಮದ್ರಾಸಿನಲ್ಲಿ, 1934ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಆಗ ಅದು ಅಧಿಕಾರಿಗಳ, ದೊಡ್ಡ ವರ್ತಕರ ಕೂಟ. ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದ ಮುಂಬಯಿಯ ಕನ್ನಡದ ಹುಡುಗರಿಗೆ ಅದರ ಬಾಗಿಲು ತೆರೆದಿರಲಿಲ್ಲ. ಅವರಿಗೆ ಆಸರೆಯಾದವು ನಮ್ಮವರದೇ ಸಂಘಗಳು, ಭಜನಾ ಮಂಡಳಿಗಳು. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನಿನಂಥ ಸಂಸ್ಥೆಗಳೂ ಆ ಕಾಲದವೇ. ಮುಂದೆ 1962-63ರಲ್ಲಿ ಕಲ್ಕತ್ತೆಯ ನಿತೀಶ್ ಲಾಹರಿಯವರು ಅಂತರರಾಷ್ಟ್ರೀಯ ರೋಟರಿಯ ಅಧ್ಯಕ್ಷರಾದ ಮೊದಲ ಭಾರತೀಯರೆನಿಸಿದರು. ಮಹಿಳೆಯರಿಗೆ ಮಾತ್ರ ಬಾಗಿಲು ಬಹುಕಾಲ ಮುಚ್ಚಿತ್ತು. ಕ್ಯಾಲಿಫೋರ್ನಿಯದ ಡುವಾರ್ಟೆ ಕ್ಲಬ್ಬು ಮಹಿಳೆಯರನ್ನು ಸೇರಿಸಿಕೊಂಡಿತೆಂದು 1978ರಲ್ಲಿ ಅದನ್ನೇ ಹೊರಹಾಕಲಾಯಿತು. ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ತೀರ್ಪು ನೀಡಿದ ಮೇಲೆ, 1989ರಲ್ಲಿ ನಿಯಮ ಬದಲಾಯಿತು. ಸೇವೆಯನ್ನು ಸಾರುವ ಸಂಸ್ಥೆಗೆ ಈ ವಿಳಂಬ ಶೋಭಿಸುವಂಥದಲ್ಲ.

ವಾರದ ಹಾಜರಿಯ ಅಭ್ಯಾಸದಿಂದ ಬೆಳೆದ ಶಕ್ತಿ ಎಷ್ಟೆಂಬುದು ಕಂಡದ್ದು ಪೋಲಿಯೊ ನಿರ್ಮೂಲನದಲ್ಲಿ. 1979ರಲ್ಲಿ ಫಿಲಿಪೈನ್ಸಿನ ಮಕ್ಕಳಿಂದ ಆರಂಭವಾದ ಕಾರ್ಯ 1985ರಲ್ಲಿ ‘ಪೋಲಿಯೊಪ್ಲಸ್’ ಎಂಬ ವಿಶ್ವವ್ಯಾಪಿ ಯೋಜನೆಯಾಯಿತು. ಭಾರತದಲ್ಲಿ 1995ರಿಂದ ರಾಷ್ಟ್ರೀಯ ಪಲ್ಸ್ ಪೋಲಿಯೊ ದಿನಗಳು ನಡೆದವು. ಕೆಲಸದ ಹೊರೆ ಸರ್ಕಾರದ ಆರೋಗ್ಯ ಇಲಾಖೆಯದು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳೊಡನೆ ರೋಟರಿಯು ಹಣ, ಪ್ರಚಾರ, ಸ್ವಯಂಸೇವಕರನ್ನು ಒದಗಿಸಿತು. ಎರಡೇ ಹನಿ, ಆದರೆ ಆ ಹನಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನ ತಂಪಿನಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕೊನೆಯ ಹಳ್ಳಿಯವರೆಗೆ ಒಯ್ಯಬೇಕು. ಬಿಸಿ ತಗುಲಿತೆಂದರೆ ಸೀಸೆಯ ಮೇಲಿನ ಗುರುತಿನ ಬಣ್ಣವೇ ಬದಲಾಗಿ ಅದನ್ನು ಎಸೆಯಬೇಕಾಗುತ್ತದೆ. ಹನಿ ಪಡೆದ ಮಗುವಿನ ಎಡಗೈ ಕಿರುಬೆರಳಿಗೆ ಮಸಿ. ಮುಗಿದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗುರುತು, ಮಗು ತಪ್ಪಿದ ಮನೆಗೆ ಇನ್ನೊಂದು. ಊರಿಂದೂರಿಗೆ ಕೂಲಿಗೆ ಹೋಗುವ ಕುಟುಂಬಗಳು ಮನೆಯಲ್ಲಿ ಸಿಗುವುದಿಲ್ಲವಾದ್ದರಿಂದ ರೈಲುನಿಲ್ದಾಣಗಳಲ್ಲಿ ತಂಡಗಳು ನಿಂತವು. ಉತ್ತರ ಪ್ರದೇಶ, ಬಿಹಾರಗಳಲ್ಲಿ ಓಡುವ ರೈಲುಗಳೊಳಗೇ ಬೋಗಿಯಿಂದ ಬೋಗಿಗೆ ಹೋಗಿ ಹನಿ ಹಾಕಿದರು. ರಾಷ್ಟ್ರೀಯ ಸುತ್ತೊಂದರಲ್ಲಿ ಸುಮಾರು 17 ಕೋಟಿ ಮಕ್ಕಳು. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, 2010ರಲ್ಲಿ 42, 2011ರಲ್ಲಿ ಒಂದೇ ಒಂದು, ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ಅದೇ ಕೊನೆಯದು. 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೊಮುಕ್ತವೆಂಬ ಮನ್ನಣೆ ದೊರೆಯಿತು.

ಇದಾಗಿ ಎರಡು ವರ್ಷಗಳಲ್ಲಿ, 2016ರ ನಿಯಮ ಪರಿಷತ್ತಿನಲ್ಲಿ, ವಾರಕ್ಕೊಮ್ಮೆ ಸೇರಲೇಬೇಕೆಂಬ ಕಟ್ಟಳೆಯನ್ನು ಸಡಿಲಿಸಲಾಯಿತು. ದೂರದ ಪ್ರಯಾಣ, ಬಿಡುವಿಲ್ಲದ ಉದ್ಯೋಗಗಳ ಕಾಲಕ್ಕೆ ಇದು ಅನಿವಾರ್ಯವೆಂದು ಹಲವರು ಒಪ್ಪಿದರೆ, ಬೆನ್ನೆಲುಬನ್ನೇ ತೆಗೆದಂತಾಯಿತೆಂದು ಮರುಗಿದ ಹಿರಿಯರೂ ಇದ್ದಾರೆ. ಹೊಸ ನಿಯಮದಂತೆ ತಿಂಗಳಿಗೆ ಕನಿಷ್ಠ ಎರಡು ಸಭೆಗಳು ಸಾಕು. 1905ರ ಆ ಗುರುವಾರಗಳಲ್ಲಿ ಷಿಕಾಗೊದ ಮಿತ್ರರು ಸೇರುತ್ತಿದ್ದುದೂ ತಿಂಗಳಿಗೆ ಎರಡೇ ಸಲ.