ನಳಿಗೆಯೊಳಗಿನ ಮಸಿ

ಯುದ್ಧಗಳ ಇತಿಹಾಸವನ್ನು ಬರೆಯುವವರು ಸಿಡಿದ ಗುಂಡುಗಳನ್ನು ಎಣಿಸುತ್ತಾರೆ. ಸಿಡಿದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿಯನ್ನು ಕುರಿತು ಚಿಂತಿಸಿದವರು ವಿರಳ. ನನಗೂ ಆ ಚಿಂತೆ ಹತ್ತಿದ್ದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ, ಪರಿಚಿತ ವೃದ್ಧರೊಬ್ಬರ ಮನೆಯ ಊಟದ ಮೇಜಿನೆದುರು ಕುಳಿತಿದ್ದಾಗ. ಮೇಜಿನ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ ಅವರು ತಮ್ಮ ಅಜ್ಜನ ಬಂದೂಕನ್ನು ಬಿಚ್ಚುತ್ತಿದ್ದರು. ಅದು 1873ರ ಮಾದರಿಯ ವಿಂಚೆಸ್ಟರ್. ಅದೇ ಸಂಸ್ಥಾನದ ನ್ಯೂ ಹೇವನ್ ನಗರದಲ್ಲಿ ತಯಾರಾದದ್ದು. ಕಂಪನಿಯ ಒಡೆಯ ಆಲಿವರ್ ವಿಂಚೆಸ್ಟರ್ ಮೊದಲು ಅಂಗಿ ಹೊಲಿಸಿ ಮಾರುತ್ತಿದ್ದವನೆಂಬುದು ಬೇರೆ ಮಾತು.

ಒಳಗೆ ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡ ಮೇಲೆಯೇ ಅವರು ಕೆಲಸಕ್ಕೆ ಕೈಹಾಕಿದರು. ಹಿಡಿಯ ಕೆಳಗಿನ ಸನ್ನೆಯನ್ನು ಕೆಳಕ್ಕೊತ್ತಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಕ್ಕೆ ಹಾರಿ ಹೊಸದು ಅದರ ಸ್ಥಾನಕ್ಕೆ ಬರುವ ಯಂತ್ರವದು. ಒಂದು ತಿರುಪನ್ನು ತೆಗೆದರೆ ಎರಡೂ ಪಕ್ಕದ ತಗಡುಗಳು ಕಳಚುತ್ತವೆ. ಒಳಗಿನ ಕೊಂಡಿಗಳು ನಮ್ಮ ಮೊಣಕಾಲಿನ ಹಾಗೆ: ಮುಚ್ಚಿದಾಗ ನೆಟ್ಟಗೆ, ತೆರೆದಾಗ ಮಡಚಿ. ಆ ತಿರುಪಿನ ತಲೆಯ ಸೀಳು ಬಲು ಕಿರಿದು. ಅದಕ್ಕೆ ಹೊಂದದ ಸ್ಕ್ರೂಡ್ರೈವರ್ ಜಾರಿದರೆ ಗಾಯ ಶಾಶ್ವತ. ಅಂತಹದೊಂದು ಗಾಯ ಅಲ್ಲಿತ್ತು. "ಇದು ಅಜ್ಜನ ಅವಸರ" ಎಂದು ವೃದ್ಧರು ನಕ್ಕರು.

ಹಿಂದಿನ ದಿನ ಅವರು ಹಳೆಯ ಪದ್ಧತಿಯ ಕಪ್ಪು ಮದ್ದಿನ ತೋಟಾಗಳನ್ನು ಹಾರಿಸಿದ್ದರಂತೆ. ಎಣ್ಣೆಯ ಬುಡ್ಡಿ ಪಕ್ಕದಲ್ಲೇ ಇದ್ದರೂ ನಳಿಗೆಗೆ ಮೊದಲು ಬಿಸಿನೀರು ಬಿತ್ತು; ಕೊಳೆತ ಮೊಟ್ಟೆಯ ನಾತ ಕೋಣೆಯನ್ನು ತುಂಬಿತು. ಕಬ್ಬಿಣಕ್ಕೆ ನೀರೇ ಎಂದು ನಾನು ಬೆರಗಾದೆ. "ಉಪ್ಪು ಎಣ್ಣೆಯಲ್ಲಿ ಕರಗುವುದೇ?" ಎಂಬುದು ಅವರ ಉತ್ತರ.

ಕಪ್ಪು ಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಘನವಾಗಿಯೇ ಉಳಿಯುತ್ತದೆ. ಆ ಲವಣಗಳು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತವೆ. ಈ ಪೆಟ್ಲುಪ್ಪಿನ ಕಥೆಯಲ್ಲಿ ನಮ್ಮ ದೇಶಕ್ಕೂ ಪಾಲುಂಟು. ಅಮೆರಿಕದ ಅಂತರ್ಯುದ್ಧದ ಆರಂಭದಲ್ಲಿ, 1861ರಲ್ಲಿ, ಲ್ಯಾಮಟ್ ಡ್ಯೂಪಾಂಟ್ ಇಂಗ್ಲೆಂಡಿಗೆ ಹೋಗಿ ಉತ್ತರದ ಸರ್ಕಾರಕ್ಕಾಗಿ ಕೊಂಡದ್ದು ಭಾರತದ ಪೆಟ್ಲುಪ್ಪನ್ನೇ. ಟ್ರೆಂಟ್ ಹಡಗಿನ ಜಗಳ ಹುಟ್ಟಿದಾಗ ಬ್ರಿಟನ್ ಅದನ್ನು ತಡೆಹಿಡಿಯಿತು. ಬಿಹಾರದ ನೋನಿಯಾ ಜನ ಹಳ್ಳಿಯ ಮಣ್ಣನ್ನು ಕೆರೆದು ತೆಗೆಯುತ್ತಿದ್ದ ಉಪ್ಪು ಎರಡು ರಾಜ್ಯಗಳ ನಡುವೆ ಒತ್ತೆಯಾಯಿತು.

1890ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬೇಟೆಯ ಬಂದೂಕುಗಳಿಗೂ ಬಂತು. ಹೊಗೆಯಿಲ್ಲವಾದ್ದರಿಂದ ಕೊಳೆಯೂ ಇಲ್ಲವೆಂದು ಅನೇಕರು ನಂಬಿದರು. ನಳಿಗೆಗಳು ತುಕ್ಕು ಹಿಡಿದವು. ದೋಷ ಮದ್ದಿನದಲ್ಲ, ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಕೇಪಿನದು. ಅದರ ಪೊಟ್ಯಾಸಿಯಂ ಕ್ಲೋರೇಟು ಉರಿದು, ಅಡಿಗೆ ಉಪ್ಪಿನ ದಾಯಾದಿಯಾದ ಪೊಟ್ಯಾಸಿಯಂ ಕ್ಲೋರೈಡನ್ನು ಬಿಟ್ಟುಹೋಗುತ್ತಿತ್ತು. 1926ರಲ್ಲಿ ರೆಮಿಂಗ್ಟನ್ ಕಂಪನಿ ತುಕ್ಕು ತಾರದ ಕೇಪಿನ ತೋಟಾಗಳನ್ನು ಮಾರಾಟಕ್ಕೆ ತಂದಿತು.

ಶುದ್ಧಿಯೂ ನಿರಪಾಯಕರವಲ್ಲ. ಈ ಬಂದೂಕಿಗೆ ಸಲಾಕೆಯನ್ನು ತೂರಿಸಬೇಕಾದದ್ದು ಮೂತಿಯ ಕಡೆಯಿಂದ. ಅದು ಅಂಚಿಗೆ ಉಜ್ಜಿ ಉಜ್ಜಿ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ಅಲ್ಲಿಯೇ ಸವೆಯುತ್ತವೆ. ವೃದ್ಧರು ಸಲಾಕೆಯ ಸುತ್ತ ಹಿತ್ತಾಳೆಯ ಬಳೆಯೊಂದನ್ನು ತೊಡಿಸಿದ್ದರು. ಒಣಬಟ್ಟೆ ಬೆಳ್ಳಗೆ ಹೊರಬಂದ ಮೇಲಷ್ಟೆ ಎಣ್ಣೆಯ ಸರದಿ, ಅದೂ ತೆಳುವಾಗಿ.

ಆ ಗಾಯದ ತಿರುಪನ್ನು ಬದಲಾಯಿಸಬಾರದೇ ಎಂದು ಕೇಳಿದೆ. ಅವರು ಅದನ್ನು ಬಟ್ಟೆಯಿಂದ ಒರೆಸಿ, ಬೆರಳಿನಿಂದಲೇ ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಸ್ಕ್ರೂಡ್ರೈವರನ್ನು ಎತ್ತಿಕೊಂಡರು.