ವಾರದ ಮನೆಯಿಂದ ಹಾಸ್ಟೆಲಿಗೆ

ನೂರಿಪ್ಪತ್ತು ವರ್ಷಗಳ ಹಿಂದೆ ಹಳ್ಳಿಯ ಹುಡುಗನೊಬ್ಬ ಮೈಸೂರಿಗೆ ಓದಲು ಹೊರಟರೆ ಮನೆಯ ಹಿರಿಯರು ಅವನ ಕೈಗೆ ದುಡ್ಡಿಗಿಂತ ಮೊದಲು ಒಂದು ಕಾಗದ ಕೊಡುತ್ತಿದ್ದರು. ಅದು ಊರಿನಲ್ಲಿ ನೆಲೆಯಾಗಿದ್ದ ಯಾವುದೋ ದೂರದ ನೆಂಟರಿಗೆ ಬರೆದ ಕಾಗದ. "ಊರು ಸೇರಿದ ತಕ್ಷಣ ರಾಯರ ಮನೆ ಕೇಳಿಕೊಂಡು ಹೋಗು. ಹೊತ್ತಿಗೆ ಸರಿಯಾಗಿ ಊಟಕ್ಕೆ ಹೋಗು, ಕೂತುಕೋ ಅನ್ನುವವರೆಗೂ ಕೂರಬೇಡ, ಎಲೆಯಲ್ಲಿ ಏನೂ ಬಿಡಬೇಡ, ಒಂದು ಮನೆಯ ಮಾತು ಇನ್ನೊಂದು ಮನೆಯಲ್ಲಿ ಆಡಬೇಡ." ಹೊಸ ಊರಿಗೆ ಹೋಗುವವನಿಗೆ ಆ ಕಾಲದ ಬುದ್ಧಿಮಾತು ಇಷ್ಟೇ. ಅದರಲ್ಲಿ ಪಾಠದ ಸುದ್ದಿ ಇರುತ್ತಿರಲಿಲ್ಲ, ಇದ್ದದ್ದೆಲ್ಲ ಊಟದ ಸುದ್ದಿ.

ಅದಕ್ಕೆ ಕಾರಣವಿತ್ತು. 1901ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಸುಮಾರು 68 ಸಾವಿರ, ಧಾರವಾಡದ್ದು 31 ಸಾವಿರ. ಊರು ಚಿಕ್ಕದಾದರೂ ಸುತ್ತಲಿನ ಜಿಲ್ಲೆಗಳಿಗೆಲ್ಲ ಹೈಸ್ಕೂಲೋ ಕಾಲೇಜೋ ಇದ್ದದ್ದು ಇಂಥ ಕೆಲವೇ ಊರುಗಳಲ್ಲಿ. ಫೀಜನ್ನು ಹೇಗೋ ಹೊಂದಿಸಬಹುದಿತ್ತು. ದಿನಕ್ಕೆ ಎರಡು ಹೊತ್ತಿನ ಊಟ ಹೊಂದಿಸುವುದು ಬಡವರ ಮನೆಯ ಮಕ್ಕಳಿಗೆ ಆಗದ ಮಾತು. ಆ ಕಷ್ಟಕ್ಕೆ ಊರು ಕಂಡುಕೊಂಡಿದ್ದ ದಾರಿಯೇ ವಾರಾನ್ನ.

ಏರ್ಪಾಡು ಸರಳವಾಗಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಹೊಸದಾಗಿ ಬಂದ ಹುಡುಗ ಕಾಗದ ಹಿಡಿದು ಮೊದಲ ಮನೆಗೆ ಹೋದರೆ ಅವರು ಒಂದು ವಾರ, ಅಂದರೆ ವಾರದಲ್ಲೊಂದು ದಿನದ ಊಟ, ಕೊಟ್ಟು ಎದುರು ಮನೆಯವರಿಗೂ ಒಂದು ಮಾತು ಹೇಳುತ್ತಿದ್ದರು. ಐದು ವಾರ ಸಿಕ್ಕವನು ಪುಣ್ಯವಂತ. ಏಳೂ ಸಿಕ್ಕವನ ಕಡೆ ಉಳಿದವರು ಆಸೆಯಿಂದ ನೋಡುವರು. ಖಾಲಿ ಉಳಿದ ದಿನ ದೇವಸ್ಥಾನದ ಪ್ರಸಾದವೋ ಛತ್ರದ ಊಟವೋ ದಿಕ್ಕು. ಅದೂ ಇಲ್ಲದಿದ್ದರೆ ಕಡಲೆಪುರಿ ತಿಂದು ನೀರು ಕುಡಿದು ಮಲಗಬೇಕು.

ಈ ಏಳು ಮನೆಗಳ ಲೆಕ್ಕ ತಪ್ಪುವ ದಿನಗಳೂ ಇದ್ದವು. ವಾರ ಕೊಟ್ಟವರು ಮಾಧ್ವರಾಗಿದ್ದು ಆ ದಿನ ಏಕಾದಶಿ ಬಿದ್ದರೆ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಮನೆಯಲ್ಲಿ ಸೂತಕವಾದರೆ ಹತ್ತು ದಿನ ಆ ಬಾಗಿಲು ಮುಚ್ಚಿದಂತೆಯೇ. ಶ್ರಾದ್ಧದ ದಿನ ಊಟ ಆಗುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಅಷ್ಟು ಹೊತ್ತಿಗೆ ಸ್ಕೂಲಿನಲ್ಲಿ ಎರಡು ಪೀರಿಯಡ್ಡು ಮುಗಿದಿರುತ್ತಿತ್ತು. ಹೀಗಾಗಿ ವಾರದ ಹುಡುಗರಿಗೆ ಪಠ್ಯಪುಸ್ತಕಕ್ಕಿಂತ ಪಂಚಾಂಗ ಹೆಚ್ಚು ಬಾಯಿಪಾಠವಾಗಿರುತ್ತಿತ್ತು.

ಅನ್ನ ಹಾಕಿದ ಗೃಹಿಣಿಯರ ವಿಷಯವನ್ನು ಇಲ್ಲಿ ಹೇಳಲೇಬೇಕು. ದಾನದ ಹೆಸರು ಯಜಮಾನರದಾದರೂ ಹೊಗೆಯೊಲೆಯ ಮುಂದೆ ಕೂತು ಇನ್ನೊಂದು ಪಾವು ಅಕ್ಕಿ ಹೆಚ್ಚಿಗೆ ಹಾಕಿದವರು ಅವರು. ಗುಮಾಸ್ತೆಯ ಸಂಬಳದಲ್ಲಿ ಆರೇಳು ಮಕ್ಕಳನ್ನು ಸಾಕುತ್ತಿದ್ದ ಮನೆಗಳೂ ವಾರಕ್ಕೊಬ್ಬ ಹುಡುಗನಿಗೆ ಎಲೆ ಹಾಕುತ್ತಿದ್ದವು. ಕೆಲವು ಮನೆಗಳಲ್ಲಿ ಅವನಿಗೆ ಮಕ್ಕಳ ಸಾಲಿನಲ್ಲೇ ಜಾಗ, ಹಬ್ಬ ಬಂದರೆ ಹೋಳಿಗೆಯಲ್ಲೂ ಪಾಲು. ಇನ್ನು ಕೆಲವು ಕಡೆ ಸಾಲಿನ ತುದಿಯ ಎಲೆ, ತಣ್ಣಗಾದ ಸಾರು. ಬಾವಿಯಿಂದ ನೀರು ಸೇದಿಕೊಡು, ಮಾರ್ಕೆಟ್ಟಿಗೆ ಹೋಗಿ ಬಾ, ಚಿಕ್ಕವನಿಗೆ ಲೆಕ್ಕ ಹೇಳಿಕೊಡು ಎಂಬ ಕೆಲಸಗಳು ಎರಡು ಕಡೆಯೂ ಇದ್ದವು. ವಾರಾನ್ನ ಉಂಡು ಮುಂದೆ ಬಂದವರಲ್ಲಿ ಒಬ್ಬೊಬ್ಬರು ಅದನ್ನು ಒಂದೊಂದು ಬಗೆಯಲ್ಲಿ ನೆನೆದಿದ್ದಾರೆ. ಉಣಬಡಿಸಿದ ಕೈಯನ್ನು ಮರೆಯದವರಿದ್ದಾರೆ, ಹೊಸ್ತಿಲಲ್ಲಿ ಕಾಯುತ್ತ ನಿಂತ ಅವಮಾನವನ್ನು ಮರೆಯದವರೂ ಇದ್ದಾರೆ.

ಊಟಕ್ಕೆ ಪಾಠ ಹೇಳುವುದು ಇನ್ನೊಂದು ದಾರಿ. ವಿಶ್ವೇಶ್ವರಯ್ಯನವರು ಮುದ್ದೇನಹಳ್ಳಿಯಿಂದ ಬಂದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ತೂಗಿಸಿಕೊಂಡರು. 1881ರಲ್ಲಿ ಅವರು ಬಿ.ಎ. ಮುಗಿಸಿದ್ದು ಹಾಗೆ.

ವಾರಾನ್ನದ ಮನೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಅದು ಬಹುಪಾಲು ಬ್ರಾಹ್ಮಣರ ಮನೆಗಳಲ್ಲಿ, ಬ್ರಾಹ್ಮಣ ಹುಡುಗರಿಗೆ ಮಾತ್ರ ಸಿಗುತ್ತಿದ್ದ ಊಟ. ಮಡಿ-ಮೈಲಿಗೆಯ ಅಡುಗೆಮನೆಗೆ ಒಕ್ಕಲಿಗರ, ಕುರುಬರ, ನೇಕಾರರ ಹುಡುಗ ವಾರ ಕೇಳಿಕೊಂಡು ಹೋಗುವಂತಿರಲಿಲ್ಲ. ದಲಿತರ ಹುಡುಗನಿಗೆ ಆ ಬೀದಿಯಲ್ಲಿ ನಡೆಯುವುದೇ ಕಷ್ಟ. ಹೆಣ್ಣುಮಕ್ಕಳ ಮಾತಂತೂ ಏಳುತ್ತಲೇ ಇರಲಿಲ್ಲ. ಮೈಸೂರಿನಲ್ಲಿ 1881ರಲ್ಲೇ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ಶುರುವಾದರೂ ಹೊರ ಊರಿನ ಹುಡುಗಿ ಅಲ್ಲಿ ಓದಬೇಕಾದರೆ ಊರಿನಲ್ಲಿ ಸ್ವಂತ ನೆಂಟರ ಮನೆ ಇರಲೇಬೇಕಿತ್ತು. "ಯಾರ ಪೈಕಿ?" ಎಂಬ ಒಂದೇ ಪ್ರಶ್ನೆ ಒಬ್ಬನಿಗೆ ಬಾಗಿಲು ತೆರೆದು ಹತ್ತು ಜನರಿಗೆ ಮುಚ್ಚುತ್ತಿತ್ತು.

ಉಳ್ಳವರ ಮನೆಯ ಮಕ್ಕಳಿಗೂ ಹೊಸ ಊರು ಸುಲಭವಾಗಿರಲಿಲ್ಲ. ಮಲೆನಾಡಿನ ಕುಪ್ಪಳಿಯ ಜಮೀನುದಾರರ ಮನೆಯಿಂದ ಮೈಸೂರಿಗೆ ಬಂದ ಪುಟ್ಟಪ್ಪನವರು, ಅಂದರೆ ಕವಿ ಕುವೆಂಪು, ಹೋಟೆಲಿನ ಬಾಡಿಗೆ ಕೋಣೆಯಲ್ಲಿದ್ದರು. ಕಾಯಿಲೆ ಬಿದ್ದಾಗ ನೋಡಿಕೊಳ್ಳುವವರಿರಲಿಲ್ಲ. ಆಗತಾನೇ ಶುರುವಾಗಿದ್ದ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು 1926ರಲ್ಲಿ ಅವರನ್ನು ಆಶ್ರಮಕ್ಕೆ ಕರೆದುಕೊಂಡು ಬಂದರು. ಮುಂದೆ ಸುಮಾರು ಹತ್ತು ವರ್ಷ ಕುವೆಂಪು ಅಲ್ಲೇ ಇದ್ದರು. ನೂರಾರು ಮೈಲಿ ದೂರದಿಂದ ಬಂದ ಹುಡುಗನಿಗೆ ಬೇಕಾಗಿದ್ದದ್ದು ಬರೀ ಅನ್ನವಲ್ಲ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವ ಒಬ್ಬರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಬಾಗಿಲು ಮುಚ್ಚಿಸಿಕೊಂಡವರು ಸುಮ್ಮನೆ ಕೂರಲಿಲ್ಲ. ಕರ್ನಾಟಕದ ಹಾಸ್ಟೆಲುಗಳ ಕಥೆ ಅಲ್ಲಿಂದ ಶುರುವಾಗುತ್ತದೆ, ಮತ್ತು ನಮ್ಮ ಸಾಮಾಜಿಕ ಇತಿಹಾಸದಲ್ಲಿ ಅದಕ್ಕೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ. ಪಕ್ಕದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಒಂದೊಂದು ಸಮುದಾಯಕ್ಕೂ ಬೋರ್ಡಿಂಗ್ ತೆರೆಸುತ್ತ ಹೋದದ್ದನ್ನು ಬೆಳಗಾವಿ ಸೀಮೆಯವರು ಕಣ್ಣಾರೆ ಕಂಡಿದ್ದರು. ಬೆಂಗಳೂರಿನಲ್ಲಿ ವ್ಯಾಪಾರಿ ಗುಬ್ಬಿ ತೋಟದಪ್ಪನವರು ರೈಲ್ವೆ ನಿಲ್ದಾಣದ ಹತ್ತಿರ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಶುರುವಾಯಿತು. ಅವರ ದಾನದಿಂದಲೇ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ನಡೆಯಿತು. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮೊದಲೇ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟಿದ್ದರು. ಅದೇ 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಒಂದು ಸಮುದಾಯ ಸಂಘ ಕಟ್ಟಿಕೊಂಡರೆ ಅದು ಮೊದಲು ಕೈಹಾಕುತ್ತಿದ್ದ ಕೆಲಸಗಳಲ್ಲಿ ಪಟ್ಟಣದಲ್ಲೊಂದು ಹಾಸ್ಟೆಲು ಇರಲೇಬೇಕು.

ಮಂಗಳೂರಿನ ಕುದ್ಮುಲ್ ರಂಗರಾಯರದ್ದು ಇವೆಲ್ಲಕ್ಕಿಂತ ಕಷ್ಟದ ದಾರಿ. ಸಾರಸ್ವತ ಬ್ರಾಹ್ಮಣರಾಗಿ ಹುಟ್ಟಿದ ಅವರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ದಲಿತ ಮಕ್ಕಳಿಗೆ ಶಾಲೆ, ಉಳಿದುಕೊಳ್ಳಲು ನಿಲಯ ಮಾಡಿಕೊಟ್ಟರು. ಅವರ ಜಾತಿಯವರೇ ಬಹಿಷ್ಕಾರ ಹಾಕಿದರು. ಆದರೂ ಕೆಲಸ ನಿಲ್ಲಲಿಲ್ಲ. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೆ ಹೋಗಿ ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಅದರ ಧೂಳು ತನ್ನ ತಲೆಗೆ ಬೀಳಬೇಕು ಎಂಬುದು ಅವರ ಆಸೆಯಾಗಿತ್ತು. ಈ ಮಾತನ್ನು ಮಂಗಳೂರಿನವರು ಇಂದಿಗೂ ನೆನೆಯುತ್ತಾರೆ.

ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ದಾನ ಸ್ವಾಮಿಗಳ ಕಾಲದಲ್ಲಿ, 1917ರಲ್ಲಿ, ಸಂಸ್ಕೃತ ಪಾಠಶಾಲೆ ಶುರುವಾಯಿತು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು ಉಚಿತವಾಗಿ ಉಂಡು ಓದುತ್ತಿದ್ದರು. ಅಲ್ಲಿ ಜಾತಿ, ಧರ್ಮ ಕೇಳುತ್ತಿರಲಿಲ್ಲ. ಮುಸ್ಲಿಂ ಹುಡುಗರೂ ಅದೇ ಸಾಲಿನಲ್ಲಿ ಕೂತು ಮುದ್ದೆ ಉಂಡು, ಅದೇ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತರು. 1941ರಲ್ಲೇ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಹಳ್ಳಿಯ ಹುಡುಗರಿಗಾಗಿ ಉಚಿತ ನಿಲಯ ತೆರೆದರು. ಎರಡನೇ ಮಹಾಯುದ್ಧದ ದಿನಗಳು, ಕಾಳುಕಡ್ಡಿ ಸಿಗುವುದೇ ದುಸ್ತರ. ಅಂಥ ಹೊತ್ತಿನಲ್ಲಿ ಹತ್ತಾರು ಮಕ್ಕಳಿಗೆ ದಿನವೂ ಅಡುಗೆ ಮಾಡಿಸುತ್ತೇನೆಂದು ನಿಂತದ್ದು ಸಣ್ಣ ಧೈರ್ಯವಲ್ಲ.

ಧಾರವಾಡದ ರೀತಿ ಬೇರೆ. ಅಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಬಂತು, ಸ್ವಾತಂತ್ರ್ಯ ಬಂದ ಮೇಲೆ ವಿಶ್ವವಿದ್ಯಾಲಯವೂ ಬಂತು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ಉತ್ತರ ಕರ್ನಾಟಕದ ತುಂಬ ಇದ್ದಾರೆ. ನಿಲಯದಲ್ಲಿ ಜಾಗ ಸಿಗದವರು ನಾಲ್ಕೈದು ಜನ ಸೇರಿ ಒಂದು ಖೋಲಿ ಹಿಡಿದು, ಖಾನಾವಳಿಯಲ್ಲಿ ತಿಂಗಳ ಲೆಕ್ಕ ಇಟ್ಟರು. ಅದಕ್ಕೂ ದುಡ್ಡಿಲ್ಲದವರಿಗೆ ಊರಿನಿಂದ ಬುತ್ತಿ. ತಾಯಿ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಯ, ಶೇಂಗಾ ಚಟ್ನಿ ಕಟ್ಟಿ ಬಸ್ಸಿಗೆ ತಂದು ಕೊಡುವಳು. ಬಸ್ ಸ್ಟ್ಯಾಂಡಿನಲ್ಲಿ ಮಗ ಕಾಯುವನು. ಅರಿವೆಗಂಟಿಗೋ ಡಬ್ಬಿಗೋ ಒಂದು ಗುರುತು ಇರುತ್ತಿತ್ತು. ಖಾಲಿ ಡಬ್ಬಿ ಸಂಜೆಯ ಬಸ್ಸಿಗೆ ವಾಪಸು. ಈ ಏರ್ಪಾಡಿನಲ್ಲಿ ಹುಡುಗ ಯಾರ ಹೊಸ್ತಿಲಲ್ಲೂ ನಿಲ್ಲಬೇಕಾಗಿರಲಿಲ್ಲ. ಗಂಟು ತಪ್ಪದಂತೆ ತಲುಪಿಸಿದ ಡ್ರೈವರು, ಕಂಡಕ್ಟರುಗಳ ಉಪಕಾರವೂ ಅದರಲ್ಲಿತ್ತು.

ಸಮುದಾಯದ ಹಾಸ್ಟೆಲುಗಳು ಒಂದು ಬೀಗ ಒಡೆದವು ನಿಜ. ಆದರೆ ಬಹಳಷ್ಟು ಕಡೆ ತಮ್ಮ ಬಾಗಿಲಿಗೆ ಇನ್ನೊಂದು ಬೀಗ ಹಾಕಿಕೊಂಡವು. ಪಟ್ಟಣಕ್ಕೆ ಬಂದ ಹುಡುಗ ತನ್ನ ಜಾತಿಯವರ ನಡುವೆಯೇ ಉಂಡು ಮಲಗಿ ನಾಲ್ಕು ವರ್ಷ ಕಳೆದು ಹೋಗುತ್ತಿದ್ದ. ಆ ಗೋಡೆ ಸ್ವಲ್ಪವಾದರೂ ಸಡಿಲಗೊಂಡದ್ದು ಸರ್ಕಾರದ ಹಾಸ್ಟೆಲುಗಳು ಹೆಚ್ಚಿದ ಮೇಲೆ, ಅದರಲ್ಲೂ 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರ ಹಿಂದುಳಿದ ವರ್ಗಗಳ ಮಕ್ಕಳಿಗೆ ನಿಲಯಗಳನ್ನು ತೆರೆದ ಮೇಲೆ. ಅಲ್ಲಿ ಹಲವು ಜಾತಿಯ ಮಕ್ಕಳು ಒಂದೇ ಪಾತ್ರೆಯ ಅನ್ನ ಉಂಡರು. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'ಯಲ್ಲಿ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು ದೊಡ್ಡ ಜಾಗ ಪಡೆದಿದೆ. ಕೇರಿಯಿಂದ ಬಂದ ಹುಡುಗರಿಗೆ ಓದು, ಗೆಳೆತನ, ಹೋರಾಟ ಮೂರೂ ಒಂದೇ ಸೂರಿನಡಿ ಸಿಕ್ಕಿದ್ದು ಇಂಥ ಕಡೆ.

ವಾರಾನ್ನ ಈಗ ಇಲ್ಲ. ಹೋಟೆಲು, ಮೆಸ್ಸು, ಪಿ.ಜಿ.ಗಳು ಬಂದು ಅದು ತಾನಾಗಿಯೇ ಮರೆಯಾಯಿತು. ಆದರೆ "ಯಾರ ಪೈಕಿ?" ಎಂಬ ಪ್ರಶ್ನೆ ಉಳಿದುಕೊಂಡಿದೆ. ಮೈಸೂರು, ಧಾರವಾಡ, ಶಿವಮೊಗ್ಗ, ದಾವಣಗೆರೆಗಳಲ್ಲಿ ಬಾಡಿಗೆ ಮನೆ ಹುಡುಕುವ ಹುಡುಗ ಹುಡುಗಿಯರಿಗೆ ಗೇಟಿನ ಬಳಿ ಅದು ಈಗಲೂ ಎದುರಾಗುತ್ತದೆ, ಕೆಲವೊಮ್ಮೆ ನೇರವಾಗಿ, ಕೆಲವೊಮ್ಮೆ ಊಟದ ಪದ್ಧತಿ ವಿಚಾರಿಸುವ ನೆಪದಲ್ಲಿ. ಜೂನ್ ತಿಂಗಳಲ್ಲಿ ಕಾಲೇಜು ಶುರುವಾದಾಗ ಹಳ್ಳಿಯ ಮಕ್ಕಳು ಮತ್ತೆ ಬ್ಯಾಗು ಹೊತ್ತು ಬರುತ್ತಾರೆ. ಮಾಳಿಗೆಯ ಮೇಲೆ ಒಂದು ಕೋಣೆ ಬಾಡಿಗೆಗೆ ಇಟ್ಟುಕೊಂಡಿರುವವರು ಅವರನ್ನು ಯಾವ ಕಾಲೇಜು, ಊಟಕ್ಕೇನು ಮಾಡಿಕೊಂಡಿದ್ದೀರಿ ಎಂದು ಕೇಳಲಿ. ಜಾತಿ ಕೇಳುವುದನ್ನು ಮಾತ್ರ ಇನ್ನಾದರೂ ಬಿಡಲಿ.